ಮಳೆಯಿಲ್ಲದ ದಿನ ಹಂಚಿನ ಮನೆ ಸೋರಿದ್ದೇಕೆ?

ಇವತ್ತು ಹಾಡಿಗೆ ಮುಂಚೆ ಒಂದು ಮನೆಯ ಮಾತು.

ಕಾಚಿಗುಡದ ಗಲ್ಲಿಯೊಂದರಲ್ಲಿ ನಮ್ಮ ದೊಡ್ಡಮ್ಮನ ಹಂಚಿನ ಮನೆ ಇದೆ. ಕಲಬುರಗಿಯಿಂದ ಬಂದ ದೊಡ್ಡಪ್ಪ ಕೊಂಡ ಮನೆ. ಸುತ್ತಲೂ ಅಪಾರ್ಟ್‌ಮೆಂಟು ಎದ್ದಿವೆ. ಬಿಲ್ಡರ್ ಒಬ್ಬರು ವರ್ಷಕ್ಕೆರಡು ಸಲ ಬಂದು "ಅಮ್ಮಾ, ಕೊಟ್ಟುಬಿಡಿ" ಎಂದು ಕೇಳಿ ಹೋಗುತ್ತಾರೆ.

ಒಂದು ಬೇಸಿಗೆಯಲ್ಲಿ ಸೆಕೆ ತಾಳಲಾರದೆ ನಮ್ಮಣ್ಣ ಇಂಟರ್ನೆಟ್ಟಿನಲ್ಲಿ ಒಂದು ವಿಡಿಯೋ ನೋಡಿ ಕೆಲಸ ಮಾಡಿಸಿದ. ತೊಲೆಗಳ ಕೆಳಗೆ ಥರ್ಮೋಕೋಲ್, ಅದರ ಕೆಳಗೆ ಪ್ಲಾಸ್ಟಿಕ್ ಹಾಳೆ, ಕೊನೆಗೆ ಪಿಒಪಿ ಸೀಲಿಂಗು. ಗೋಡೆಗೆ ಏಸಿ. ಮೇ ತಿಂಗಳು ಸುಖವಾಗಿ ಕಳೆಯಿತು. ಆಗಸ್ಟಿನಲ್ಲಿ ದೊಡ್ಡಮ್ಮನ ಫೋನು: "ಹೊರಗ ಮಳಿ ಇಲ್ಲ, ಒಳಗ ಹನಿ ಬೀಳ್ಲಿಕತ್ತಾವ. ಇದೇನವ್ವಾ?" ಸೀಲಿಂಗು ಬಿಚ್ಚಿ ನೋಡಿದರೆ ಪ್ಲಾಸ್ಟಿಕ್ಕಿನ ಮೇಲೆ ನೀರು ನಿಂತಿತ್ತು. ಒಂದು ತೊಲೆಯ ತುದಿ ಬೆರಳಿಗೆ ಸಿಕ್ಕಿ ಪುಡಿಯಾಯಿತು. ಹಂಚು ಮಾತ್ರ ಒಂದೂ ಒಡೆದಿರಲಿಲ್ಲ.

ಈ ನೀರು ಎಲ್ಲಿಂದ ಬಂತು? ಫ್ರಿಜ್ಜಿನಿಂದ ತೆಗೆದ ಬಾಟಲಿಯ ಮೈಮೇಲೆ ಹನಿ ಮೂಡುವುದನ್ನು ನೀವು ನೋಡಿದ್ದೀರಿ. ಅದು ಬಾಟಲಿಯೊಳಗಿನ ನೀರಲ್ಲ, ಗಾಳಿಯಲ್ಲಿದ್ದ ಆವಿ. ಗಾಳಿ ಎಷ್ಟು ತಣ್ಣಗಾದರೆ ಆವಿ ನೀರಾಗುತ್ತದೋ ಅದಕ್ಕೆ ಇಬ್ಬನಿ ಬಿಂದು ಎನ್ನುತ್ತಾರೆ. ಮೇ ತಿಂಗಳ ಒಂದು ಮಧ್ಯಾಹ್ನ 40 ಡಿಗ್ರಿ ಬಿಸಿಲಿದ್ದು, ತೇವಾಂಶ ಶೇಕಡಾ 25 ಇದ್ದರೆ ಇಬ್ಬನಿ ಬಿಂದು ಸುಮಾರು 16 ಡಿಗ್ರಿ. ಮನೆಯ ಸೀಲಿಂಗು, ಗೋಡೆ ಅಷ್ಟು ತಣ್ಣಗಾಗುವುದಿಲ್ಲ. ಮಳೆಗಾಲದಲ್ಲಿ 28 ಡಿಗ್ರಿ, ತೇವಾಂಶ ಶೇಕಡಾ 80 ಎಂದರೆ ಆ ಬಿಂದು 24ಕ್ಕೆ ಏರುತ್ತದೆ. ಅಣ್ಣನ ಏಸಿ 20ರಲ್ಲಿತ್ತು. ಹಂಚಿನ ಸಂದಿಯಿಂದ ಬಂದ ತೇವದ ಗಾಳಿ ಥರ್ಮೋಕೋಲಿನ ಬಿರುಕುಗಳಲ್ಲಿ ಇಳಿದು, ತಣ್ಣನೆಯ ಪ್ಲಾಸ್ಟಿಕ್ಕಿಗೆ ತಗಲಿ ನೀರಾಯಿತು.

ವಿಡಿಯೋ ಸುಳ್ಳಲ್ಲ, ಆದರೆ ಅದು ಚಳಿ ದೇಶದ್ದು. ಅಲ್ಲಿ ಒಳಗೆ ಬೆಚ್ಚಗೆ, ಹೊರಗೆ ಹಿಮ. ಆವಿ ಒಳಗಿನಿಂದ ಹೊರಕ್ಕೆ ಹೋಗುತ್ತದೆ, ಅದಕ್ಕೇ ಪ್ಲಾಸ್ಟಿಕ್ ಒಳಬದಿಗೆ. ಏಸಿ ಹಾಕಿದ ನಮ್ಮ ಮನೆಯಲ್ಲಿ ಮಳೆಗಾಲದ ಆವಿ ಹೊರಗಿನಿಂದ ಒಳಕ್ಕೆ ಬರುತ್ತದೆ. ತಡೆ ಯಾವಾಗಲೂ ಬೆಚ್ಚಗಿರುವ ಕಡೆಗಿರಬೇಕು. ನಮಗೆ ಅದು ಮೇಲ್ಬದಿ.

1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಆ ಬಗೆಯ ಹಂಚು ದೇಶವೆಲ್ಲ ಹರಡಿತು. ತೆಲುಗಿನಲ್ಲಿ ಅದನ್ನು ಬೆಂಗಳೂರು ಪೆಂಕು ಎನ್ನುವುದೂ ಉಂಟು! ಆ ಮಾಡಿನ ಗುಣವೇ ಸಂದಿಗಳಲ್ಲಿ ಗಾಳಿಯಾಡುವುದು. ಒದ್ದೆಯಾದ ಮರ ಮತ್ತೆ ಒಣಗುವುದು ಆ ಗಾಳಿಯಿಂದಲೇ. ಅದನ್ನು ಮುಚ್ಚಿದರೆ ಮರಕ್ಕೆ ಕುತ್ತು.

ಹಾಗಾದರೆ ಏನು ಮಾಡಬೇಕು? ಮೊದಲು ಕಾರಣ ತಿಳಿಯಿರಿ. ಮಳೆ ಬಂದಾಗ ಒಂದೇ ಜಾಗದಲ್ಲಿ ತೊಟ್ಟಿಕ್ಕಿದರೆ ಹಂಚಿನ ದೋಷವಿರಬಹುದು. ಮಳೆಯಿಲ್ಲದಾಗ, ಏಸಿ ಓಡುವಾಗ ಅಗಲವಾಗಿ ಹನಿ ಮೂಡಿದರೆ ಅದು ಆವಿ. ಎರಡನೆಯದು, ಸೀಲಿಂಗಿನ ಮೇಲೆ ಅಲ್ಯೂಮಿನಿಯಂ ಹಾಳೆ ಅಂಟಿಸಿದ ರಾಕ್‌ವೂಲ್ ಹಲಗೆ ಹಾಸಿ, ಹಾಳೆ ಮೇಲ್ಮುಖವಾಗಿರಲಿ. ಪ್ರತಿ ಜೋಡಣೆಗೂ, ದೀಪದ ತೂತಿಗೂ ಟೇಪು ಬಿಗಿಯಿರಿ. ಒಳಬದಿಗೆ ಪ್ಲಾಸ್ಟಿಕ್ ಬೇಡ. ಮೂರನೆಯದು, ಹಲಗೆಗೂ ಹಂಚಿಗೂ ನಡುವೆ ಗಾಳಿ ಓಡಾಡಲಿ. ಸೂರಿನಲ್ಲಿ ಬಂದು ನೆತ್ತಿಯಲ್ಲಿ ಹೋಗಲಿ. ಪಾರಿವಾಳ, ಇಲಿ ನುಗ್ಗದಂತೆ ಜಾಲರಿ ಹಾಕಿ. ಅಡುಗೆಮನೆ, ಬಚ್ಚಲಿನ ಹಬೆಯನ್ನು ಅಟ್ಟಕ್ಕಲ್ಲ, ಮನೆಯ ಹೊರಕ್ಕೆ ಬಿಡಿ. ಮಳೆಗಾಲದಲ್ಲಿ ಏಸಿ 26ರಲ್ಲಿರಲಿ, ಜೊತೆಗೆ ಫ್ಯಾನು ತಿರುಗಲಿ. ಏಸಿಯೇ ಇಲ್ಲದ ಮನೆಗೆ ಇಷ್ಟೆಲ್ಲ ಬೇಕಿಲ್ಲ. ಮೇಲೆ ಗಾಳಿಗೆ ಜಾಗವಿರುವ ಸಾದಾ ಮರದ ಸೀಲಿಂಗು ಸಾಕು.

ದೊಡ್ಡಮ್ಮನ ಮನೆಯಲ್ಲಿ ಇದನ್ನೇ ಮಾಡಿಸಿದೆವು. ಒಂದು ತೊಲೆ ಬದಲಾಯಿತು, ಉಳಿದವು ಒಣಗಿ ಗಟ್ಟಿಯಾಗಿವೆ. ಮುಂದಿನ ಮಳೆಗಾಲ ಬಂದು ಹೋಯಿತು, ಹನಿ ಬೀಳಲಿಲ್ಲ. ಬಿಲ್ಡರ್ ಈಗಲೂ ಬರುತ್ತಾರೆ. ದೊಡ್ಡಮ್ಮ ಅವರನ್ನು ತಂಪಾದ ಪಡಸಾಲೆಯಲ್ಲಿ ಕೂರಿಸಿ, ಚಹಾ ಕೊಟ್ಟು ಕಳಿಸುತ್ತಾಳೆ.

ನಿಮ್ಮ ಮನೆಯ ಮಾಡಿನ ಕಥೆಯಿದ್ದರೆ ನಮಗೂ ಬರೆದು ತಿಳಿಸಿ. ಈಗ ಹಾಡಿನ ಸಮಯ.