ಮೊಮ್ಮಗಳು ಕರೆದ ಕೃಷ್ಣ

ಚೆನ್ನೈಯ ಕನ್ನಡ ಬಂಧುಗಳೇ,

ಈಚೆಗೆ ನಮ್ಮ ತಂದೆಯವರ ಸಹಸ್ರಚಂದ್ರ ದರ್ಶನ ಶಾಂತಿ ನಡೆಯಿತು. ಹೋಮ, ಊಟ ಮುಗಿದು ಎಲೆ ಅಡಿಕೆ ಹಂಚುವ ಹೊತ್ತಿಗೆ ನನ್ನ ಒಂಬತ್ತು ವರ್ಷದ ಮಗಳು ಗೆಜ್ಜೆ ಕಟ್ಟಿಕೊಂಡು ಎಲ್ಲರ ಮುಂದೆ ಬಂದು ನಿಂತಳು. ಅವಳ ಹಿಂದೆ ನನ್ನ ತಾಯಿ ಶ್ರುತಿಪೆಟ್ಟಿಗೆ ಇಟ್ಟುಕೊಂಡು ಹಾಡಲು ಕೂತಿದ್ದರು. ಅಜ್ಜಿ ಮೊಮ್ಮಗಳ ಈ ಏರ್ಪಾಟು ನಮಗ್ಯಾರಿಗೂ ಗೊತ್ತಿರಲಿಲ್ಲ.

ಅವರು ಆರಿಸಿಕೊಂಡದ್ದು ಉಡುಪಿಯ ಕೃಷ್ಣನನ್ನು ಕರೆಯುವ ವ್ಯಾಸರಾಯರ ಪದ, ಯಮುನಾ ಕಲ್ಯಾಣಿ ರಾಗದ್ದು. ಭರತನಾಟ್ಯದಲ್ಲಿ ಅದನ್ನು ಲೋಕಪ್ರಸಿದ್ಧ ಮಾಡಿದವರು ಇದೇ ಊರಿನ ಬಾಲಸರಸ್ವತಿಯವರು. ಸತ್ಯಜಿತ್ ರೇ 1976ರಲ್ಲಿ ಅವರ ಬಗ್ಗೆ ತೆಗೆದ ‘ಬಾಲಾ’ ಚಿತ್ರದಲ್ಲಿ, ಕಡಲ ದಡದ ಗಾಳಿಯಲ್ಲಿ ನಿಂತು ಅವರು ಮಾಡುವ ಅಭಿನಯವನ್ನು ದಯವಿಟ್ಟು ಎಲ್ಲರೂ ನೋಡಿ.

ನೃತ್ತಕ್ಕೆ ತಾಳ ಸಾಕು. ಅಭಿನಯಕ್ಕೆ ಸಾಹಿತ್ಯ ಒಳಗಿಳಿಯಬೇಕು. ಅಜ್ಜಿ ಒಂದೇ ಸಾಲನ್ನು ತಿರುತಿರುಗಿ ಹಾಡುತ್ತಿದ್ದರೆ, ಮಗು ಯಶೋದೆಯಾಗಿ ಪ್ರತಿ ಸಲವೂ ಬೇರೆ ಬೇರೆ ಥರ ಕರೆದಳು. ಬೆಣ್ಣೆ ತೋರಿಸಿ ಕರೆದಳು, ಮುನಿಸಿಕೊಂಡು ಮುಖ ತಿರುಗಿಸಿದಳು, ತಡೆಯಲಾರದೆ ಮತ್ತೆ ಕರೆದಳು. ಕೃಷ್ಣನ ಬಾಯಲ್ಲಿ ಜಗತ್ತು ಕಂಡಾಗ, ಗದರಿಸಲು ಎತ್ತಿದ ಬೆರಳು ಅಲ್ಲೇ ನಿಂತಿತು. ಆಮೇಲೆ ಮೆಲ್ಲಗೆ ಎರಡೂ ಕೈ ಕೂಡಿದವು. ಉಡುಪಿಯ ರಥಬೀದಿಯಲ್ಲಿ ಆಡಿ ಬೆಳೆದ ನಮ್ಮ ತಂದೆ ಕುರ್ಚಿಯಿಂದ ಎದ್ದು ನಿಂತುಬಿಟ್ಟರು.

ನಾವು ಕನ್ನಡದಲ್ಲಿ ಏನು ಕೇಳಿದರೂ ತಮಿಳಿನಲ್ಲೇ ಉತ್ತರ ಕೊಡುತ್ತಿದ್ದ ಹುಡುಗಿ ಅವಳು. ಅದರಲ್ಲಿ ಅವಳ ತಪ್ಪೇನೂ ಇಲ್ಲ, ಶಾಲೆ, ಗೆಳತಿಯರು, ಬೀದಿ ಎಲ್ಲವೂ ತಮಿಳು. ಅವಳ ನೃತ್ಯದ ಗುರುಗಳೂ ತಮಿಳರು. ಅವರೇ, “ಸಾಹಿತ್ಯದ ಅರ್ಥವನ್ನು ಅಜ್ಜಿಯಿಂದ ಹೇಳಿಸಿಕೊಂಡು ಬಾ” ಎಂದು ಕಳಿಸಿದ್ದರಂತೆ. ಆ ಗುರುಗಳಿಗೆ ನಾನು ಋಣಿ. ಮಧ್ಯಾಹ್ನಗಳಲ್ಲಿ ಅಜ್ಜಿ ಒಂದೊಂದು ಸಾಲನ್ನೂ ಕಥೆ ಮಾಡಿ ಹೇಳಿದರು. “ಅಜ್ಜಿ, ಯಶೋದೆಗೆ ಹೆದರಿಕೆ ಆಯ್ತಾ?” ಈ ಪ್ರಶ್ನೆಯನ್ನು ಅವಳು ಕೇಳಿದ್ದು ಕನ್ನಡದಲ್ಲಿ.

ಈ ಊರಿನ ನೃತ್ಯಶಾಲೆಗಳಲ್ಲಿ ನಮ್ಮ ಎಷ್ಟೋ ಮಕ್ಕಳು ಕಲಿಯುತ್ತಿದ್ದಾರೆ. ಪುರಂದರದಾಸರ, ಕನಕದಾಸರ ಪದಗಳು ನಮ್ಮ ಅಜ್ಜಿಯರ ಬಾಯಲ್ಲಿವೆ. ಈ ಮಕ್ಕಳನ್ನೂ ಅಜ್ಜಿಯರನ್ನೂ ಕೂಡಿಸುವ ಕೆಲಸವನ್ನು ನಮ್ಮ ಕನ್ನಡ ಸಂಘ ಕೈಗೆತ್ತಿಕೊಳ್ಳಬೇಕು ಎಂದು ಕಾರ್ಯಕಾರಿ ಸಮಿತಿಯನ್ನು ಕೇಳಿಕೊಳ್ಳುತ್ತೇನೆ. ಭಾನುವಾರದ ಒಂದು ಗಂಟೆ ಸಾಕು, ನಮ್ಮ ಮನೆಯ ಹಾಲ್ ಇದೆ. ಹಾಡಬಲ್ಲ, ಕಥೆ ಹೇಳಬಲ್ಲ ಅಜ್ಜ ಅಜ್ಜಿಯರು ಊಟಕ್ಕೆ ಏಳುವ ಮೊದಲು ಕಾರ್ಯದರ್ಶಿಗಳ ಹತ್ತಿರ ಹೆಸರು ಬರೆಸಿ. ನನ್ನ ತಾಯಿಯ ಹೆಸರು ಈಗಾಗಲೇ ಕೊಟ್ಟಿದ್ದೇನೆ.