ಒಂದೇ ಬಿಸ್ಕತ್ತು

ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಲ್ಲಿ ಚಹಾದ ಹೊತ್ತಿಗೆ ಅಂಗಡಿಯ ಮುಂದೆ ನಿಂತರೆ ಒಂದು ಜಗಳವನ್ನು ಕಾಣಬಹುದು. ಮೂವರು ಚಹಾ ಕುಡಿದಿರುತ್ತಾರೆ. ಮೂವರೂ ಜೇಬಿಗೆ ಕೈ ಹಾಕಿರುತ್ತಾರೆ. "ನೀವು ಸುಮ್ನಿರ್ರಿ, ನಾ ಕೊಡ್ತೀನಿ" ಎಂದು ಒಬ್ಬರು ಮತ್ತೊಬ್ಬರ ಕೈ ಹಿಡಿದು ತಡೆಯುತ್ತಿರುತ್ತಾರೆ. ಲೇತಿನ ಶೆಡ್ಡಿನ ಮಾಲೀಕನೂ ಅವನಲ್ಲಿ ದುಡಿಯುವ ಫಿಟ್ಟರನೂ ಈ ವಿಷಯದಲ್ಲಿ ಸರಿಸಮಾನರು. ತನ್ನ ಒಂದು ಲೋಟದ ದುಡ್ಡನ್ನಷ್ಟೇ ಎಣಿಸಿಟ್ಟು ಹೋಗುವವನನ್ನು ನಮ್ಮ ಕಡೆ ಮನುಷ್ಯರ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇಂಥ ಊರುಗಳಲ್ಲಿ ಹುಟ್ಟಿ ಬೆಳೆದು ಇಂಜಿನಿಯರಾದ ಕನ್ನಡದ ಹುಡುಗರು ಈಗ ನೆದರ್ಲೆಂಡ್ಸಿನ ಐಂಡ್‌ಹೋವನ್, ಆಮ್‌ಸ್ಟೆಲ್‌ವೇನ್ ಮುಂತಾದ ಊರುಗಳಲ್ಲಿ ಸಂಸಾರ ಹೂಡಿದ್ದಾರೆ. ಐಂಡ್‌ಹೋವನ್ 1891ರಲ್ಲಿ ಫಿಲಿಪ್ಸ್ ಕಂಪನಿ ಹುಟ್ಟಿದ ಊರು. ಅದರ ಮಗ್ಗುಲಿನ ವೆಲ್ಡ್‌ಹೋವನ್‌ನಲ್ಲಿ ಕಂಪ್ಯೂಟರ್ ಚಿಪ್ಪುಗಳನ್ನು ಮಾಡುವ ಯಂತ್ರಗಳು ತಯಾರಾಗುತ್ತವೆ. ಈ ಹುಡುಗರು ರಜೆಗೆ ಬಂದಾಗ ಡಚ್ಚರ ವಿಷಯವಾಗಿ ಹೇಳುವ ಕಥೆಗಳೆಲ್ಲ ಒಂದೇ ಅಚ್ಚಿನವು. ಮನೆಗೆ ಕರೆದರು, ಕಾಫಿ ಕೊಟ್ಟರು, ಬಿಸ್ಕತ್ತಿನ ಡಬ್ಬಿ ತೆರೆದು ಮುಂದೆ ಹಿಡಿದರು. ಒಂದು ತೆಗೆದುಕೊಂಡೊಡನೆ ಮುಚ್ಚಳ ಹಾಕಿ ಒಳಗಿಟ್ಟರು! ಸ್ನೇಹಿತನನ್ನು ನೋಡಬೇಕಾದರೆ ದಿನಚರಿ ತೆಗೆದು ಮೂರು ವಾರದಾಚೆಯ ದಿನ ಗೊತ್ತುಮಾಡಬೇಕು. ಸಂಜೆ ಆರಕ್ಕೆ ಅವರ ಊಟ. ಆ ಹೊತ್ತಿಗೆ ಹೋಗಿ ಕುಳಿತ ಅತಿಥಿಯನ್ನು ಯಾರೂ "ಊಟಕ್ಕೆ ಏಳಿ" ಎನ್ನುವುದಿಲ್ಲ, ಅವನೇ ಎದ್ದು ಹೊರಡಬೇಕು. ಹುಟ್ಟುಹಬ್ಬಕ್ಕೆ ಹೋದರೆ ವರ್ತುಲವಾಗಿ ಹಾಕಿದ ಕುರ್ಚಿಗಳಲ್ಲಿ ಕುಳಿತವರನ್ನೆಲ್ಲ, ಹುಟ್ಟಿದವನ ಅತ್ತೆ ಮಾವಂದಿರನ್ನೂ ಬಿಡದೆ, ಕೈ ಕುಲುಕಿ ಅಭಿನಂದಿಸಬೇಕು. ಆ ಹುಟ್ಟಿದ ದಿನಗಳನ್ನೆಲ್ಲ ಬರೆದ ಕ್ಯಾಲೆಂಡರು ತೂಗುವುದು ಎಲ್ಲಿ? ಶೌಚಾಲಯದ ಗೋಡೆಯ ಮೇಲೆ. ದೇವರ ಪಟದ ಕೆಳಗೆ ದಿನಾಂಕ ನೋಡುವ ನಮ್ಮ ತಾಯಂದಿರು ಇದನ್ನು ಕೇಳಿ ಕಿವಿ ಮುಚ್ಚಿಕೊಳ್ಳುತ್ತಾರೆ. ಸುಮಾರು ಒಂದು ಕೋಟಿ ಎಂಬತ್ತು ಲಕ್ಷ ಜನರಿರುವ ನಾಡಿನಲ್ಲಿ ಜನರಿಗಿಂತ ಸೈಕಲ್ಲುಗಳೇ ಹೆಚ್ಚು. 2010ರಿಂದ 2024ರವರೆಗೆ ಪ್ರಧಾನಿಯಾಗಿದ್ದ ಮಾರ್ಕ್ ರುಟ್ಟೆಯವರೇ ಸೈಕಲ್ ತುಳಿದು ಕಚೇರಿಗೆ ಹೋಗುತ್ತಿದ್ದರು.

ಈ ಕಥೆಗಳಿಗೆ ಮುನ್ನೂರೈವತ್ತು ವರ್ಷಗಳ ವಂಶಾವಳಿ ಉಂಟು. ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನ ರಾಯಭಾರಿಯಾಗಿ ಅಲ್ಲಿದ್ದ ಸರ್ ವಿಲಿಯಂ ಟೆಂಪಲ್ ಬರೆದಿಟ್ಟ ಪ್ರಸಂಗವೊಂದಿದೆ. ಅಧಿಕಾರಿಯೊಬ್ಬ ಒಂದು ಮನೆಗೆ ಹೋದ. ಅವನ ಜೋಡು ಕೊಳೆಯಾಗಿದ್ದುದನ್ನು ಕಂಡ ಕೆಲಸದ ಹುಡುಗಿ ಅವನನ್ನು ಅನಾಮತ್ತಾಗಿ ಬೆನ್ನ ಮೇಲೆ ಹೊತ್ತು, ಒಳಮನೆಯನ್ನು ದಾಟಿಸಿ, ಜೋಡು ಕಳಚಿ ಚಪ್ಪಲಿ ತೊಡಿಸಿದಳಂತೆ. ಆಂಗ್ಲರಿಗೆ ಇದು ನಗೆಯ ವಿಷಯ. ಹೊಸಿಲಲ್ಲೇ ಜೋಡು ಬಿಡುವ ನಮಗೆ ಆ ಹುಡುಗಿಯ ಪಕ್ಷವೇ ಸರಿಯೆನಿಸುತ್ತದೆ. ಆ ಶತಮಾನದಲ್ಲಿ ಇಂಗ್ಲಿಷರೂ ಡಚ್ಚರೂ ಕಡಲ ವ್ಯಾಪಾರಕ್ಕಾಗಿ 1652ರಿಂದ 1674ರೊಳಗೆ ಮೂರು ಬಾರಿ ಯುದ್ಧ ಮಾಡಿದರು. ಇಂಗ್ಲಿಷ್ ಭಾಷೆಯಲ್ಲಿ ಡಚ್ಚರ ಹೆಸರು ಹಿಡಿದು ಹಂಗಿಸುವ ನುಡಿಗಟ್ಟುಗಳು ಮೊಳೆತದ್ದು ಆ ಹಗೆಯ ಗದ್ದೆಯಲ್ಲಿ. ಡಚ್ಚರೆಂದರೆ ಜಿಪುಣರೆಂಬ ಮಾತನ್ನು ನಾವು ಕಲಿತದ್ದು ಅವರ ಎದುರಾಳಿಗಳ ಪಠ್ಯಪುಸ್ತಕದಿಂದ ಎಂಬುದನ್ನು ಮರೆಯಬಾರದು. ಕೆಳದಿಯ ಅರಸರ ಕಾಲದಲ್ಲಿ ನಮ್ಮ ಬಸರೂರಿನಲ್ಲೇ ಅವರು ಕೋಠಿಯಿಟ್ಟು ವ್ಯಾಪಾರ ಮಾಡುತ್ತಿದ್ದರಾದರೂ ಆ ನೇರ ಪರಿಚಯ ನಮ್ಮ ನೆನಪಿನಲ್ಲಿ ಉಳಿಯಲಿಲ್ಲ.

ಹಾಗಾದರೆ ಈ ಎಣಿಕೆಯ ಬುದ್ಧಿ ಎಲ್ಲಿಂದ ಬಂತು? ಧರ್ಮದಿಂದ ಎನ್ನುವವರಿದ್ದಾರೆ, ವ್ಯಾಪಾರದಿಂದ ಎನ್ನುವವರೂ ಇದ್ದಾರೆ. ನನಗಂತೂ ಅವರ ನೀರಿನ ಕಡೆ ನೋಡಬೇಕೆನ್ನಿಸುತ್ತದೆ. ಆ ದೇಶದ ಸುಮಾರು ಕಾಲುಭಾಗ ನೆಲ ಸಮುದ್ರಮಟ್ಟಕ್ಕಿಂತ ಕೆಳಗಿದೆ. ಏರಿ ಕಟ್ಟಿ, ನೀರನ್ನು ಹಗಲಿರುಳೂ ಎತ್ತಿ ಹೊರಹಾಕಿದರೆ ಮಾತ್ರ ಅಲ್ಲಿ ಮನೆ, ಹಟ್ಟಿ, ಹೊಲ. ಹಿಂದೆ ಏರಿಯ ಒಂದೊಂದು ತುಂಡು ಒಬ್ಬೊಬ್ಬ ರೈತನ ಪಾಲಿಗಿತ್ತು. ಒಬ್ಬ ಅಲಕ್ಷ್ಯ ಮಾಡಿದರೆ ಊರೆಲ್ಲ ಮುಳುಗುತ್ತಿತ್ತು. ಆಗ ಅಲ್ಲಿ ಒಂದು ಕಟ್ಟಳೆಯಿತ್ತು: ತನ್ನ ಪಾಲಿನ ಏರಿಯನ್ನು ದುರಸ್ತಿ ಮಾಡಲಾರದವನು ಅದರಲ್ಲಿ ತನ್ನ ಗುದ್ದಲಿಯನ್ನು ನೆಟ್ಟು ಊರು ಬಿಡಬೇಕು, ಆ ಗುದ್ದಲಿಯನ್ನು ಕಿತ್ತವನಿಗೆ ಜಮೀನೂ ಸೇರಿತು, ಏರಿಯ ಹೊರೆಯೂ ಸೇರಿತು. ಹದಿಮೂರನೆಯ ಶತಮಾನದಷ್ಟು ಹಿಂದೆಯೇ ಹುಟ್ಟಿದ ನೀರಿನ ಮಂಡಲಿಗಳು ಇಂದಿಗೂ ಇವೆ, ಈಗ ಇಪ್ಪತ್ತೊಂದು. ಅವಕ್ಕೆ ಪ್ರತ್ಯೇಕ ಚುನಾವಣೆ, ಪ್ರತ್ಯೇಕ ತೆರಿಗೆ. ಇಷ್ಟಿದ್ದೂ 1953ರ ಫೆಬ್ರುವರಿ ಒಂದರ ರಾತ್ರಿ ಕಡಲು ಏರಿಯೊಡೆದು ನುಗ್ಗಿ 1836 ಜನರನ್ನು ಬಲಿ ತೆಗೆದುಕೊಂಡಿತು.

ನೆರೆಯವನ ಸೋಮಾರಿತನ ತನ್ನ ಮನೆಗೆ ನೀರಾಗಿ ಬರುವ ನಾಡಿನಲ್ಲಿ ಲೆಕ್ಕ ಕೇಳುವುದು ಅಗೌರವವಾಗುವುದಿಲ್ಲ. "ನಿನ್ನ ಕೆಲಸ ಸರಿಯಾಗಿಲ್ಲ" ಎಂದು ಮುಖದ ಮೇಲೆ ಹೇಳುವ ಡಚ್ಚರ ವಾಡಿಕೆ ನಮ್ಮ ಹುಡುಗರನ್ನು ಮೊದಲ ವರ್ಷ ಬಹಳ ನೋಯಿಸುತ್ತದೆ. ಬಿಸ್ಕತ್ತಿನ ಡಬ್ಬಿಯನ್ನೂ ಏರಿಯ ಖಾತೆಗೇ ಬರೆಯಬೇಕೆಂದು ನಾನು ಹಟ ಮಾಡುವುದಿಲ್ಲ. ಆ ಲೆಕ್ಕದಲ್ಲಿ ಒಂಟಿತನವೂ ಇದೆ. ಮಗನ ಮನೆಗೆಂದು ಹೋದ ದಾವಣಗೆರೆಯ ತಾಯಿ ಬಾಗಿಲು ತೆರೆದು ಕುಳಿತರೆ, ಹೇಳದೆ ಕೇಳದೆ ಒಳಬರುವ ಒಂದು ಜೀವವೂ ಆ ಬೀದಿಯಲ್ಲಿ ಸಿಕ್ಕದು.

ಆದರೆ ನಮ್ಮ ಧಾರಾಳ ಎಲ್ಲಿಯವರೆಗೆ? ಭದ್ರಾ ನಾಲೆಯ ನೀರು ದಾವಣಗೆರೆ, ಹರಿಹರ ತಾಲ್ಲೂಕುಗಳ ಕೊನೆಯ ಗದ್ದೆಗಳಿಗೆ ತಲುಪಲಿಲ್ಲವೆಂಬ ಕೂಗು ಬೇಸಿಗೆ ಬೇಸಿಗೆಗೂ ಏಳುತ್ತದೆ. ಮೇಲ್ಭಾಗದಲ್ಲಿ ಪಂಪು ಹಚ್ಚಿ ನೀರೆತ್ತಿಕೊಳ್ಳುವವನೂ ಕೆಳಗೆ ಬತ್ತದ ಸಸಿ ಒಣಗುವುದನ್ನು ನೋಡುವವನೂ ಪೇಟೆಯಲ್ಲಿ ಸಿಕ್ಕಾಗ ಬೆಣ್ಣೆದೋಸೆಯ ಬಿಲ್ಲಿಗೆ ಕಾದಾಡುತ್ತಾರೆ. ನೀರಿನ ಮಾತನ್ನು ಮಾತ್ರ ಇಬ್ಬರೂ ಎತ್ತುವುದಿಲ್ಲ. ಹಿಂದೆ ನಮ್ಮ ಕೆರೆಗಳಿಗೆ ನೀರಗಂಟಿಯಿದ್ದ. ಯಾರ ಗದ್ದೆಗೆ ಎಷ್ಟು ಹೊತ್ತು ತೂಬಿನ ನೀರು ಎಂಬುದು ಅವನ ಕೈಯಲ್ಲಿತ್ತು. ಗೌಡನ ಪಾಲನ್ನೂ ಅವನೇ ಅಳೆಯುತ್ತಿದ್ದ. ಸುಗ್ಗಿಯಲ್ಲಿ ಅವನಿಗೆ ಕಾಳಿನ ಹಕ್ಕು ಸಲ್ಲುತ್ತಿತ್ತು. ಲೆಕ್ಕ ನಮಗೆ ಪರದೇಶದ ಸರಕಲ್ಲ. ನಾಲೆ ಬಂತು, ಇಲಾಖೆ ಬಂತು, ನೀರಗಂಟಿ ಬಹುಮಟ್ಟಿಗೆ ಮರೆಯಾದ. ನೀರು ಬಳಕೆದಾರರ ಸಹಕಾರ ಸಂಘಗಳಿಗೆಂದು 2000ದಲ್ಲಿ ನೀರಾವರಿ ಕಾಯಿದೆಯನ್ನು ತಿದ್ದಿದರೂ ಅವು ಎಲ್ಲೆಡೆ ಬೇರೂರಿದವೆನ್ನಲಾಗದು.

ನಮ್ಮ ಕಡೆಯ ಹುಡುಗನೊಬ್ಬನಿಗೆ ಐಂಡ್‌ಹೋವನ್‌ನಲ್ಲಿ 2023ರ ಮಾರ್ಚ್ ತಿಂಗಳು ಅಂಚೆಯಲ್ಲಿ ಒಂದು ಮತಪತ್ರದ ಚೀಟಿ ಬಂತು. ಅಲ್ಲಿನ ಸಂಸತ್ತಿಗೆ ಪರದೇಶೀಯರು ಮತ ಹಾಕುವಂತಿಲ್ಲ. ಆದರೆ ಕಾಯಿದೆಬದ್ಧವಾಗಿ ವಾಸವಾಗಿರುವವನಿಗೆ ನೀರಿನ ಮಂಡಲಿಯ ಚುನಾವಣೆಯಲ್ಲಿ ಮತವುಂಟು. ಅವನು ಸೈಕಲ್ಲಿನಲ್ಲಿ ಹೋಗಿ ಮತ ಹಾಕಿ ಬಂದ. ಅವನ ತಂದೆಯ ಗದ್ದೆ ಭದ್ರಾ ನಾಲೆಯ ಕೊನೆಯಲ್ಲಿದೆ. ಅಲ್ಲಿನ ನೀರಿನ ಸಂಘದ ಸಭೆಗೆ ಅವನು ಒಮ್ಮೆಯೂ ಕಾಲಿಟ್ಟವನಲ್ಲ. ಯಾರಿಗೆ ಮತ ಹಾಕಿದೆ ಎಂದು ಕೇಳಿದೆ. ಅದನ್ನು ಕೇಳಬಾರದು ಎಂದು ಥೇಟು ಡಚ್ಚರ ಹಾಗೆ ಮುಖದ ಮೇಲೆ ಹೇಳಿದ.