ಚಿತ್ರಕ್ಕಿಂತ ಮೊದಲು ಪ್ರಶ್ನೆ



ಸಣ್ಣ ಮೈಕ್ರೋಕಂಟ್ರೋಲರಿಗೆ ಕ್ಯಾಮೆರಾ ಜೋಡಿಸುವುದು ಹೇಗೆ ಎಂಬುದು ಈ ವಿಚಾರ ಸಂಕಿರಣದ ವಿಷಯ. ಅಂಥ ಜೋಡಣೆಯೊಂದು ವರ್ಷಗಳಿಂದ ನಮ್ಮ ಮೇಜುಗಳ ಮೇಲೇ ಇದೆ: ಆಪ್ಟಿಕಲ್ ಮೌಸ್. ಅದರ ಹೊಟ್ಟೆಯಲ್ಲಿರುವುದು ಒಂದು ಕ್ಯಾಮೆರಾ. ಎಡಿಎನ್‌ಎಸ್-2610 ಎಂಬ ಮೌಸ್ ಚಿಪ್ಪನ್ನು ನೋಡಿ. ಅದರ ಸೆನ್ಸರಿನಲ್ಲಿ 18 ಸಾಲು, ಸಾಲಿಗೆ 18ರಂತೆ ಒಟ್ಟು 324 ಪಿಕ್ಸೆಲ್‌ಗಳು ಮಾತ್ರ. ಸೆಕೆಂಡಿಗೆ 1,500 ಚಿತ್ರ ತೆಗೆಯುತ್ತದೆ, ಮೌಸ್ ಆಗಿ ದುಡಿಯುವಾಗ ಒಂದನ್ನೂ ಯಾರಿಗೂ ತೋರಿಸುವುದಿಲ್ಲ. ಪಕ್ಕದ ಮೈಕ್ರೋಕಂಟ್ರೋಲರಿಗೆ ತಲುಪುವುದು ಎರಡೇ ಸಂಖ್ಯೆ: ಅಡ್ಡಕ್ಕೆ ಎಷ್ಟು ಸರಿಯಿತು, ಉದ್ದಕ್ಕೆ ಎಷ್ಟು ಸರಿಯಿತು. ಮೌಸ್ ರೂಪಿಸಿದವರು ತಮಗೆ ಯಾವ ಉತ್ತರ ಬೇಕೆಂಬುದನ್ನು ಮೊದಲು ನಿಶ್ಚಯಿಸಿಕೊಂಡಿದ್ದರು, ಎಷ್ಟು ಪಿಕ್ಸೆಲ್ ಸಾಕೆಂಬುದು ಅದರಿಂದಲೇ ಹೊರಟಿತು. ನಮ್ಮ ಪ್ರಯೋಗಾಲಯಗಳಲ್ಲಿ ನಡೆಯುವುದು ಹೆಚ್ಚಾಗಿ ಇದರ ತಿರುಗುಮುರುಗು. ಮೊದಲು ಕ್ಯಾಮೆರಾ ಕೊಳ್ಳುತ್ತೇವೆ, ಪರದೆಯ ಮೇಲೆ ಚಿತ್ರ ಮೂಡಿಸುತ್ತೇವೆ, ಆಮೇಲೆ ಅದರಿಂದ ಏನು ಮಾಡೋಣ ಎಂದು ಯೋಚಿಸುತ್ತೇವೆ. ಈ ಕ್ರಮ ಬದಲಾಗಬೇಕು ಎಂಬುದೇ ನನ್ನ ವಾದ.

ವಿದ್ಯಾರ್ಥಿಗಳು ಸಾಮಾನ್ಯವಾಗಿ ಆರಿಸಿಕೊಳ್ಳುವ ಜೋಡಿಯಿಂದಲೇ ಶುರುಮಾಡೋಣ: ಓವಿ7670 ಕ್ಯಾಮೆರಾ, ಆರ್ಡುಯಿನೊ ಉನೊ ಬೋರ್ಡ್. ಕ್ಯಾಮೆರಾದ ಪೂರ್ಣ ಚಿತ್ರ 640 ಅಡ್ಡ, 480 ಉದ್ದ. ಪಿಕ್ಸೆಲ್‌ಗೆ ಎರಡು ಬೈಟ್ ಹಿಡಿದರೆ 6,14,400 ಬೈಟ್. ಉನೊ ಬಳಿ ಇರುವ ರ‍್ಯಾಮ್ 2,048 ಬೈಟ್. ಕೆರೆಯ ತೂಬು ತೆಗೆದು ಕೆಳಗೆ ಚೊಂಬು ಹಿಡಿದಂತೆ. ವೇಗದ ಕಥೆಯೂ ಅಷ್ಟೆ. ಸೆಕೆಂಡಿಗೆ 30 ಪೂರ್ಣ ಚಿತ್ರ ಬರುವಾಗ ಪಿಕ್ಸೆಲ್ ಗಡಿಯಾರ 24 ಮೆಗಾಹರ್ಟ್ಸ್‌ನಲ್ಲಿ ಓಡುತ್ತದೆ, ಉನೊದ ಗಡಿಯಾರ 16 ಮೆಗಾಹರ್ಟ್ಸ್. ಪ್ರೊಸೆಸರ್ ಒಂದು ಆದೇಶ ಮುಗಿಸುವಷ್ಟರಲ್ಲಿ ಒಂದೂವರೆ ಬೈಟ್ ದಾಟಿಹೋಗಿರುತ್ತದೆ. ಕ್ಯಾಮೆರಾದ ಗಡಿಯಾರವನ್ನು ನಿಧಾನಿಸಬಹುದು, ನಿಜ. ಆದರೆ ಈ ಸೆನ್ಸರ್ ಚಿತ್ರವನ್ನು ಸಾಲುಸಾಲಾಗಿ ಓದುತ್ತದೆ. ನಿಧಾನಿಸಿದಷ್ಟೂ ಮೊದಲ ಸಾಲಿಗೂ ಕೊನೆಯ ಸಾಲಿಗೂ ನಡುವಿನ ಅಂತರ ಹಿಗ್ಗಿ, ಚಲಿಸುವ ವಸ್ತು ಓರೆಯಾಗಿ ಕಾಣುತ್ತದೆ. ಸೀರಿಯಲ್ ತಂತಿಯಲ್ಲಿ 1,15,200 ಬಾಡ್ ವೇಗದಲ್ಲಿ ಆ ಒಂದು ಚಿತ್ರವನ್ನು ಕಂಪ್ಯೂಟರಿಗೆ ಸಾಗಿಸಲು ಸುಮಾರು 53 ಸೆಕೆಂಡು ಬೇಕು.

ಹಾಗಾದರೆ ಉನೊ ಈ ಕೆಲಸಕ್ಕೆ ಬಾರದೆಂದು ಪಕ್ಕಕ್ಕಿಡಬೇಕೆ? ಅದು ಪ್ರಶ್ನೆಯನ್ನು ಅವಲಂಬಿಸಿದೆ. ತೊಟ್ಟಿಯೊಂದರಲ್ಲಿ ನೀರು ಎಷ್ಟಿದೆ ಎಂಬುದು ಪ್ರಶ್ನೆ ಎಂದುಕೊಳ್ಳಿ. ತೊಟ್ಟಿಯ ಗೋಡೆಗೆ ಬಿಳಿ ಪಟ್ಟಿಯೊಂದನ್ನು ನೆಟ್ಟಗೆ ಅಂಟಿಸಿ, ಚಿತ್ರವನ್ನು 160 ಅಡ್ಡ, 120 ಉದ್ದಕ್ಕೆ ಇಳಿಸಿ, ಗಡಿಯಾರವನ್ನು ನಿಧಾನಿಸಿ, ಪ್ರತಿ ಸಾಲಿನ ಹೊಳಪನ್ನು ಬಂದಂತೆಯೇ ಕೂಡಿಸುತ್ತ ಹೋದರೆ ಸಾಲಿಗೊಂದು ಮೊತ್ತ ಉಳಿಯುತ್ತದೆ. 160 ಪಿಕ್ಸೆಲ್‌ಗಳ ಮೊತ್ತ ಹೆಚ್ಚೆಂದರೆ 40,800, ಎರಡು ಬೈಟಿನಲ್ಲಿ ಹಿಡಿಯುತ್ತದೆ. 120 ಸಾಲಿಗೆ 240 ಬೈಟ್. ಬಿಳಿ ಪಟ್ಟಿ ಮುಗಿದು ನೀರು ಶುರುವಾಗುವ ಕಡೆ ಮೊತ್ತ ತಟ್ಟನೆ ಬದಲಾಗುತ್ತದೆ, ಮಟ್ಟ ಅಲ್ಲಿದೆ. ನೀರು ನಿಧಾನವಾಗಿ ಏರಿಳಿಯುವುದರಿಂದ ಓರೆಯಾಗುವ ತೊಂದರೆಯೂ ಇಲ್ಲಿ ಬಾಧಿಸದು. ಇಡೀ ಚಿತ್ರ ಯಾವ ಕ್ಷಣದಲ್ಲೂ ಮೆಮೊರಿಯಲ್ಲಿರಲಿಲ್ಲ, ಇರಬೇಕಾದ ಅಗತ್ಯವೂ ಇರಲಿಲ್ಲ.

ದೊಡ್ಡ ಚಿಪ್ ಅಗ್ಗವಾಗಿ ಸಿಗುವಾಗ ಈ ಪಾಡು ಏಕೆ ಎಂಬ ಆಕ್ಷೇಪ ನ್ಯಾಯವಾದದ್ದೆ. ಆದರೆ ದೊಡ್ಡ ಚಿಪ್ ಪ್ರಶ್ನೆಯನ್ನು ಮುಂದೂಡುತ್ತದೆ, ಅಳಿಸುವುದಿಲ್ಲ. ಎಸ್‌ಟಿಎಂ32ಎಫ್407ರಲ್ಲಿ ಕ್ಯಾಮೆರಾಗೆಂದೇ ಪ್ರತ್ಯೇಕ ದ್ವಾರವಿದೆ. ಡಿಎಂಎ ಮೂಲಕ ಬೈಟ್‌ಗಳು ಪ್ರೊಸೆಸರಿನ ನೆರವಿಲ್ಲದೆ ನೇರ ಮೆಮೊರಿ ಸೇರುತ್ತವೆ. ಕಾಗದದ ಮೇಲೆ ರ‍್ಯಾಮ್ 192 ಕಿಲೋಬೈಟ್. 320 ಅಡ್ಡ, 240 ಉದ್ದದ ಬಣ್ಣದ ಚಿತ್ರಕ್ಕೆ ಬೇಕಾದದ್ದು 150 ಕಿಲೋಬೈಟ್, ಹಿಡಿಯಬೇಕಲ್ಲವೆ? ಹಿಡಿಯುವುದಿಲ್ಲ. 192ರಲ್ಲಿ 64 ಕಿಲೋಬೈಟ್ ಇರುವ ಭಾಗವನ್ನು ಡಿಎಂಎ ಮುಟ್ಟಲಾರದು, ಉಳಿಯುವುದು 128. ಇನ್ನು ಇಎಸ್‌ಪಿ32-ಕ್ಯಾಮ್ ಬೋರ್ಡಿನಲ್ಲಿ ಹೆಚ್ಚುವರಿ ಮೆಮೊರಿಯಿದೆ, ಅದರ ಓವಿ2640 ಕ್ಯಾಮೆರಾ ಚಿತ್ರವನ್ನು ತಾನೇ ಜೆಪೆಗ್ ಆಗಿ ಕುಗ್ಗಿಸಿ ಕೊಡುತ್ತದೆ. ಕಳುಹಿಸುವುದಕ್ಕೆ ಅದು ದೊಡ್ಡ ಅನುಕೂಲ. ಲೆಕ್ಕ ಹಾಕಬೇಕಾದಾಗ ಮಾತ್ರ ಕುಗ್ಗಿಸಿದ್ದನ್ನು ಮತ್ತೆ ಬಿಡಿಸಲೇಬೇಕು. ಜೆಪೆಗ್ ಮನುಷ್ಯರ ಕಣ್ಣಿಗಾಗಿ ಮಾಡಿದ ಏರ್ಪಾಡು.

ಇದೇ ಬೋರ್ಡನ್ನು ವಿವೇಕದಿಂದ ಬಳಸಿದ ಮುಕ್ತ ತಂತ್ರಾಂಶ ಯೋಜನೆಯೊಂದು ಎಐ-ಆನ್-ದಿ-ಎಡ್ಜ್-ಡಿವೈಸ್. ಅಂಕೆಗಳು ಉರುಳುವ ಹಳೆಯ ನೀರಿನ ಮೀಟರು ನಮ್ಮ ಊರುಗಳಲ್ಲೂ ಇದೆಯಲ್ಲ, ಅದರ ಎದುರು ಈ ಬೋರ್ಡನ್ನು ಕೂರಿಸಿದರೆ ಅದು ಚಿತ್ರ ತೆಗೆದು, ಗುರುತುಗಳಿಗೆ ಹೊಂದಿಸಿ, ಒಂದೊಂದು ಅಂಕೆಯ ಪುಟ್ಟ ಚೌಕವನ್ನು ಕತ್ತರಿಸಿ ನ್ಯೂರಲ್ ಜಾಲಕ್ಕೆ ಒಪ್ಪಿಸುತ್ತದೆ. ಮೀಟರಿನ ಉಳಿದ ಮೈಯೆಲ್ಲ ಲೆಕ್ಕದಿಂದ ಹೊರಗೆ. ಹೊರಬರುವುದು ಒಂದು ರೀಡಿಂಗ್.

ಇಷ್ಟೆಲ್ಲ ಮಾಡುವ ಬದಲು ರಾಸ್‌ಬೆರಿ ಪೈ ಇಟ್ಟರಾಗದೆ? ಗೋಡೆಯಲ್ಲಿ ಪ್ಲಗ್ ಇದ್ದರೆ ಖಂಡಿತ ಇಡಿ, ಅಲ್ಲಿ ನನ್ನ ವಾದಕ್ಕೆ ಅಷ್ಟು ಬಲವಿಲ್ಲ. ಹೊಲದ ಬದುವಿನಲ್ಲಿ, ಕಾಲುವೆಯ ದಡದಲ್ಲಿ ಬ್ಯಾಟರಿ ಮೇಲೆ ತಿಂಗಳುಗಟ್ಟಲೆ ನಡೆಯಬೇಕಾದ ಸಾಧನಕ್ಕೆ ಮಾತ್ರ ನಿದ್ರೆಯೇ ಮುಖ್ಯ. ಆಳ ನಿದ್ರೆಯಲ್ಲಿ ಇಎಸ್‌ಪಿ32 ಚಿಪ್ ಹೀರುವುದು ಸುಮಾರು 10 ಮೈಕ್ರೋಆಂಪಿಯರ್. ಬೋರ್ಡಿನ ವೋಲ್ಟೇಜ್ ರೆಗ್ಯುಲೇಟರ್ ಮತ್ತು ಕ್ಯಾಮೆರಾ ಎಚ್ಚರವಾಗಿಯೇ ಉಳಿದರೆ ಆ ಉಳಿತಾಯ ಸೋರಿಹೋಗುತ್ತದೆ. ಆದ್ದರಿಂದ ಕ್ಯಾಮೆರಾಗೆ ಹೋಗುವ ವಿದ್ಯುತ್ತನ್ನೇ ಕತ್ತರಿಸುವ ಏರ್ಪಾಡು ಮೊದಲ ದಿನವೇ ವಿನ್ಯಾಸದಲ್ಲಿರಬೇಕು.

ಇದಕ್ಕಿಂತ ಗಂಭೀರವಾದ ಆಕ್ಷೇಪ ಇನ್ನೊಂದಿದೆ. ಚಿತ್ರ ಉಳಿಸದ ಸಾಧನ ತಪ್ಪು ಉತ್ತರ ಕೊಟ್ಟರೆ ಪತ್ತೆ ಹಚ್ಚುವುದು ಹೇಗೆ? ನೀರಿನ ಮೇಲೆ ಬಿಸಿಲು ಹೊಳೆದಾಗ, ಮಸೂರದ ಮೇಲೆ ಮಂಜು ಕೂತಾಗ ನನ್ನ 240 ಬೈಟಿನ ಲೆಕ್ಕ ಖಂಡಿತ ಎಡವುತ್ತದೆ. ಎಡವಿದ್ದು ಸಂಖ್ಯೆಯಲ್ಲಿ ಕಾಣದೆಯೂ ಹೋಗಬಹುದು. ಇದಕ್ಕೆ ಪೂರ್ತಿ ಪರಿಹಾರವಿಲ್ಲ, ಎರಡು ರಕ್ಷಣೆಗಳಿವೆ. ಪರೀಕ್ಷೆಯ ಹಂತದಲ್ಲಿ ದೊಡ್ಡ ಬೋರ್ಡಿನಿಂದ ಪೂರ್ಣ ಚಿತ್ರಗಳನ್ನು ಸಂಗ್ರಹಿಸಿ ಸಣ್ಣದರ ಉತ್ತರದೊಂದಿಗೆ ಹೋಲಿಸುವುದು ಒಂದು. ಉತ್ತರವು ಲೋಕದ ನಿಯಮಕ್ಕೆ ಒಪ್ಪುತ್ತದೆಯೇ ಎಂದು ಸಾಧನವೇ ನೋಡಿಕೊಳ್ಳುವುದು ಇನ್ನೊಂದು. ನೀರಿನ ಮೀಟರು ಸಾಮಾನ್ಯವಾಗಿ ಹಿಂದಕ್ಕೆ ಓಡುವುದಿಲ್ಲ. ಹಿಂದಿನದಕ್ಕಿಂತ ಕಡಿಮೆ ರೀಡಿಂಗ್ ಬಂದರೆ ಮೇಲೆ ಹೇಳಿದ ಮೀಟರು ಯೋಜನೆಯ ತಂತ್ರಾಂಶ ಅದನ್ನು ತಳ್ಳಿಹಾಕಬಲ್ಲುದು. ಉಳಿಸದಿರುವುದರಲ್ಲಿ ಒಂದು ಒಳಿತೂ ಇದೆ: ದಾರಿಹೋಕರ ಮುಖ ಎಲ್ಲೂ ದಾಖಲಾಗುವುದಿಲ್ಲ.

ಕೊನೆಯದಾಗಿ ಕಲಿಕೆಯ ಮಾತು. ಸಿದ್ಧ ಲೈಬ್ರರಿಗಳಿರುವಾಗ ವಿಸಿಂಕ್, ಎಚ್‌ರೆಫ್ ಎಂಬ ಕ್ಯಾಮೆರಾ ತಂತಿಗಳು, ರಿಜಿಸ್ಟರ್ ಎಲ್ಲ ಏಕೆ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಚಿತ್ರದ ಬಣ್ಣಗಳೆಲ್ಲ ಕಲಸಿಹೋದಾಗ ಎರಡು ಬೈಟ್‌ಗಳು ಅದಲುಬದಲಾಗಿರಬಹುದೆಂದು ಹೊಳೆಯುವುದು, 5 ವೋಲ್ಟಿನ ಪಿನ್ನನ್ನು 3.3 ವೋಲ್ಟಿನ ಕ್ಯಾಮೆರಾಗೆ ನೇರ ಚುಚ್ಚಬಾರದೆಂದು ಕೈ ತಡೆಯುವುದು, ಒಮ್ಮೆಯಾದರೂ ಆ ತಂತಿಗಳನ್ನು ಅರ್ಥಮಾಡಿಕೊಂಡು ಜೋಡಿಸಿದವರಿಗೆ. ಹಾಗಾಗಿ ಮೊದಲ ಪ್ರಯೋಗ ಉನೊ ಮೇಲೆ ನಡೆಯಲಿ, ಲೈಬ್ರರಿ ಎರಡನೆಯದಕ್ಕೆ ಬರಲಿ. ಮಧ್ಯಾಹ್ನ ಪ್ರಾತ್ಯಕ್ಷಿಕೆ ನೀಡುವವರಲ್ಲಿ ನನ್ನದೊಂದು ಕೋರಿಕೆ: ಪರದೆಯ ಮೇಲೆ ಚಿತ್ರ ತೋರಿಸುವ ಮುನ್ನ ನಿಮ್ಮ ಸಾಧನ ಯಾವ ಪ್ರಶ್ನೆಗೆ ಉತ್ತರ ಹುಡುಕುತ್ತಿದೆ, ಅದಕ್ಕೆ ಎಷ್ಟು ಬೈಟ್ ಸಾಕಾಯಿತು, ಯಾವ ಬೆಳಕಿನಲ್ಲಿ ಅದು ಎಷ್ಟು ಸಲ ತಪ್ಪಿತು ಎಂಬುದನ್ನು ಸಭೆಗೆ ತಿಳಿಸಿ.